ನೆಲಾ ಸರಿ ಐತಿ, ಬಳಿ ತಪ್ಪೈತಿ

ನನ್ನ ಜೊತೆ ಮಾಸ್ತರಿಕೆ ಮಾಡಿದ್ದವರು ತೀರಿಕೊಂಡ ಸುದ್ದಿಯನ್ನು ಹಿರೇಕೆರೂರಿನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಹೇಳಿ ಹೋದ. ಅವನನ್ನು ಕಳಿಸಿ ಕಟ್ಟೆಯ ಮೇಲೆ ಕೂತೆ. ಇಂಥ ಹೊತ್ತಿನಲ್ಲಿ ಹೋದವರ ಒಳ್ಳೆಯ ಗುಣಗಳು ನೆನಪಿಗೆ ಬರಬೇಕು. ನನಗೆ ಬಂದದ್ದು ಬರೀ ಜಗಳಗಳು. ಬಸ್ಸಿನಲ್ಲಿ ಆಡಿದ ಜಗಳ, ಮಾಸ್ತರರ ಕೋಣೆಯಲ್ಲಿ ಆಡಿದ ಜಗಳ, ಅವರ ಹಿತ್ತಲಿನಲ್ಲಿ ನಿಂತು ಒಂದು ಕಬ್ಬಿಣದ ಬಳೆಯ ಸಲುವಾಗಿ ಆಡಿದ ಜಗಳ.

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನಿಂದ ಅದು ಮುಗಿದ ಮೇಲೂ ಕೆಲವು ವರ್ಷ ನಾವಿಬ್ಬರೂ ಹಿರೇಕೆರೂರಿನ ಒಂದೇ ಶಾಲೆಯಲ್ಲಿದ್ದೆವು. ಅವರು ಗಣಿತದ ಮಾಸ್ತರರು, ನಾನು ಕನ್ನಡದವನು. ಎತ್ತರದ ಸಪೂರ ಆಳು, ಮುಚ್ಚುಗೊರಳಿನ ಕೋಟು, ಕರಿ ಟೊಪ್ಪಿಗೆ. ಕೋಟಿನ ಕಿಸೆಯಲ್ಲಿ ಮಡಿಸುವ ಕಟ್ಟಿಗೆಯ ಅಳತೆಪಟ್ಟಿ ಸದಾ ಇರುತ್ತಿತ್ತು. ಮಾತಿನಲ್ಲಿ ಸಿಕ್ಕಿಹಾಕಿಕೊಂಡಾಗ ಟೊಪ್ಪಿಗೆ ತೆಗೆದು ಅದರ ಒಳಗೆ ನೋಡಿ ಮತ್ತೆ ಹಾಕಿಕೊಳ್ಳುತ್ತಿದ್ದರು. ಉತ್ತರ ಅದರೊಳಗೆ ಇದೆಯೇನೋ ಎಂದು ಹುಡುಗರು ಹಿಂದಿನಿಂದ ನಗುತ್ತಿದ್ದರು.

ಅಂದಾಜು ಎನ್ನುವ ಶಬ್ದ ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ವಾರದ ಸಂತೆಗೆ ಅವರ ಜೊತೆ ಹೋಗುವುದು ನನಗೊಂದು ಶಿಕ್ಷೆ. ಬದನೆಕಾಯಿಯನ್ನು ಗುಂಪೆ ಹಾಕಿ ಮಾರುವ ಮುದುಕಿಯ ಮುಂದೆ ನಿಂತು ಕೇಳುತ್ತಿದ್ದರು.

"ಈ ಗುಂಪಿ ಸಣ್ಣದು, ಆ ಗುಂಪಿ ದೊಡ್ಡದು. ಎರಡಕ್ಕೂ ಒಂದ ರೇಟು ಹೆಂಗವಾ?"

"ನೋಡೇ ಹಾಕೇನಲ್ರಿ ಯಪ್ಪಾ."

"ನೋಡಿದ್ರ ಆಗೂದಿಲ್ಲ. ತೂಗಬೇಕು."

"ತೂಗಾಕ ನಿಂತ್ರ ನನ್ನ ಸಂತಿ ಮುಗೀತೈತ್ರಿ. ಬ್ಯಾಡಾದ್ರ ಮುಂದ ನಡೀರಿ."

ಮುಂದೆ ನಡೆಯುತ್ತಿದ್ದರು. ಬರಿಗೈಯಲ್ಲಿ ಮನೆಗೆ ಬಂದು ಅಕ್ಕನಿಂದ ಬೈಸಿಕೊಳ್ಳುತ್ತಿದ್ದರು. ತರಗತಿಯಲ್ಲೂ ಹೀಗೆಯೇ. ಚುರುಕಾದ ಹುಡುಗನೊಬ್ಬ ಅಡ್ಡದಾರಿಯಲ್ಲಿ ಹೋಗಿ ಸರಿಯಾದ ಉತ್ತರ ತಂದರೆ ಅಂಕ ಕೊಡುತ್ತಿರಲಿಲ್ಲ. ದಡ್ಡ ಹುಡುಗ ಮಾತ್ರ ಅವರ ಕಣ್ಣಿಗೆ ಬಿದ್ದರೆ ಶಾಲೆ ಬಿಟ್ಟ ಮೇಲೂ ಅವನ ಪಕ್ಕದಲ್ಲಿ ಕೂತು, ಕೈ ಎತ್ತದೆ, ದನಿ ಏರಿಸದೆ, ಭಿನ್ನರಾಶಿ ತಲೆಗೆ ಹತ್ತುವವರೆಗೆ ಹೇಳಿಕೊಡುತ್ತಿದ್ದರು. ಆ ತಾಳ್ಮೆಯ ಕಾಲುಭಾಗ ನಮ್ಮಂಥ ದೊಡ್ಡವರಿಗೆ ಸಿಕ್ಕಿದ್ದರೆ ಸಾಕಿತ್ತು.

ಅವರು ಮದುವೆಯಾಗಿರಲಿಲ್ಲ. ಮನೆಯಲ್ಲಿದ್ದವರು ಅಕ್ಕ ಒಬ್ಬರೇ. ಅವರ ಊರು ಮಾಸೂರು. ತಂದೆತಾಯಿ ಬೇಗ ಹೋದರು. ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಈ ಅಕ್ಕ, ಕೆರೆಯ ಕೆಳಗಿನ ಗದ್ದೆಯನ್ನು ತಾವೇ ನಿಂತು ಮಾಡಿಸಿ, ತಮ್ಮನನ್ನು ಧಾರವಾಡದಲ್ಲಿಟ್ಟು ಓದಿಸಿದ್ದರು. ತಮ್ಮನಷ್ಟೇ ಎತ್ತರ, ಅವರ ಎರಡರಷ್ಟು ಗಾತ್ರ. ಆಳುಗಳನ್ನು ಕರೆದರೆ ಏರಿಯ ಆಚೆಗೆ ದನಿ ಮುಟ್ಟುತ್ತಿತ್ತಂತೆ. ಹಿರೇಕೆರೂರಿಗೆ ಬಂದ ಮೇಲೆ ಕೂಗುವುದಕ್ಕೆ ಆಳುಗಳಿರಲಿಲ್ಲ, ತಮ್ಮನೊಬ್ಬನಿದ್ದ. ಅಷ್ಟು ದೊಡ್ಡ ಮಾಸ್ತರರು ಅಕ್ಕನ ಎದುರಿಗೆ ಮಾತ್ರ ಅಳತೆಪಟ್ಟಿ ಹೊರಗೆ ತೆಗೆಯುತ್ತಿರಲಿಲ್ಲ.

ಯುದ್ಧ ನಡೆದಿದ್ದ ಒಂದು ಬೇಸಿಗೆಯಲ್ಲಿ ಅಕ್ಕ ಅಟ್ಟದ ಏಣಿಯಿಂದ ಬಿದ್ದರು. ಸೊಂಟದ ಸಂದು ಮುರಿಯಿತು. ಎಲುಬು ಕಟ್ಟುವವನನ್ನು ಊರಿಂದ ಕರೆಸಿ ಕಟ್ಟಿಸಿದರು, ದವಾಖಾನೆಯ ಡಾಕ್ಟರರನ್ನೂ ಕರೆಸಿದರು. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ದಿಂಬಿಗೆ ಆನಿಸಿದರೆ ಕೂರುವರು, ನಿಲ್ಲುವುದಕ್ಕೂ ಕುಕ್ಕರಗಾಲಿನಲ್ಲಿ ಕೂರುವುದಕ್ಕೂ ಆಗದು. ಹಿತ್ತಲ ಕೊನೆಯ ಪಾಯಖಾನೆಗೆ ಅವರನ್ನು ಎತ್ತಿಕೊಂಡು ಹೋಗಬೇಕು. ಒಂದು ಕಡೆ ತಮ್ಮ, ಇನ್ನೊಂದು ಕಡೆ ಪಕ್ಕದ ಮನೆಯ ಹೆಣ್ಣುಮಗಳು. ಅಲ್ಲಿಯೂ ಬಿಟ್ಟು ಬರುವಂತಿಲ್ಲ, ಬೀಳದ ಹಾಗೆ ಒಬ್ಬರು ಹಿಡಿದೇ ಇರಬೇಕು. ಕೋಣೆಯಲ್ಲೇ ಪಾತ್ರೆ ಇಡುತ್ತೇವೆ ಎಂದರೆ ಅಕ್ಕ ಸುತರಾಂ ಒಪ್ಪಲಿಲ್ಲ.

"ಅದನ್ನ ಯಾರು ಹೊರಬೇಕು? ನನ್ನ ಹೊಲಸನ್ನ ಇನ್ನೊಬ್ರು ಕೈಯಾಗ ಹಿಡಕೊಂಡು ಹೋಗೂದು ನಾ ನೋಡಾಕ ಒಲ್ಲೆ" ಎಂದರು.

ಆಗ ಮಾಸ್ತರರ ತಲೆಯೊಳಗೆ ಕಮೋಡಿನ ವಿಚಾರ ಹೊಕ್ಕಿತು. ಕುರ್ಚಿಯ ಹಾಗೆ ಕೂರುವ ಪಿಂಗಾಣಿ ಕಮೋಡು, ತಲೆಯ ಮೇಲೆ ನೀರಿನ ತೊಟ್ಟಿ, ಸರಪಳಿ ಜಗ್ಗಿದರೆ ನೀರೇ ಎಲ್ಲವನ್ನೂ ನೆಲದೊಳಗಿನ ಕೊಳವೆಯಿಂದ ಹಿತ್ತಲ ಗುಂಡಿಗೆ ಒಯ್ಯುತ್ತದೆ. ಯಾರೂ ಹಿಡಿಯಬೇಕಿಲ್ಲ, ಯಾರೂ ಹೊರಬೇಕಿಲ್ಲ. ಹಿರೇಕೆರೂರಿನಲ್ಲಿ ಅಂಥದ್ದನ್ನು ಕಂಡವರು ಬೆರಳೆಣಿಕೆಯ ಜನ. ಅಕ್ಕನ ಕೋಣೆಗೆ ಹತ್ತಿಕೊಂಡೇ ಒಂದು ಸಣ್ಣ ಕೋಣೆ ಕಟ್ಟಿಸಲು ಶುರುಮಾಡಿದರು. ಮನೆಯೊಳಗೆ ಪಾಯಖಾನೆಯೇ ಎಂದು ಓಣಿಯವರು ಮೂಗು ಮುರಿದರು. ಗುಂಡಿಯಿಂದ ಬಾವಿ ಕೆಡುತ್ತದೆ ಎಂದು ಹಿಂದಿನ ಮನೆಯ ಯಜಮಾನರು ತಕರಾರು ತೆಗೆದರು. ಇವರು ಅವರನ್ನೇ ಕರೆದು ಹಗ್ಗದ ಒಂದು ತುದಿ ಕೈಗೆ ಕೊಟ್ಟು, ಗುಂಡಿಯಿಂದ ಬಾವಿಗಿದ್ದ ದೂರವನ್ನು ಬಿಸಿಲಲ್ಲಿ ಅಳೆಸಿದರು. ಆ ಯಜಮಾನರು ಬೆವರು ಒರೆಸಿಕೊಳ್ಳುತ್ತಾ, "ಕಟ್ಟಸ್ಕೊಳ್ರಿ ಮಾರಾಯ್ರ" ಎಂದು ಹೋದರು.

ಹುಬ್ಬಳ್ಳಿಯಲ್ಲಿ ಅವರ ಜೊತೆ ಓದಿದ್ದ ಒಬ್ಬರು ರೈಲ್ವೆಯಲ್ಲಿದ್ದರು. ವಿಲಾಯತಿಗೆ ಹೊರಟ ಸಾಹೇಬನೊಬ್ಬನ ಸಾಮಾನು ಹರಾಜಿಗೆ ಬಂದಾಗ ಆ ಗೆಳೆಯ ಕಮೋಡನ್ನೂ ತೊಟ್ಟಿಯನ್ನೂ ಹಿಡಿದಿಟ್ಟು ಸುದ್ದಿ ಕಳಿಸಿದರು. ಅದು ಬರುವುದಕ್ಕೆ ಇನ್ನೂ ತಡವಿತ್ತು. ಅಷ್ಟರೊಳಗೆ ಇವರು ಕೊಳವೆ ಹಾಕಿಸಿ ನೆಲ ಮುಗಿಸಿಬಿಟ್ಟರು. ಎಂಥ ನೆಲ ಅಂತೀರಿ. ಫರಸಿ ಕಲ್ಲು, ಸಂದಿಗೆಲ್ಲ ಗಚ್ಚು, ಒಂದು ಕಲ್ಲು ಇನ್ನೊಂದಕ್ಕಿಂತ ಕೂದಲೆಳೆ ಮೇಲಿಲ್ಲ. ಕೊಳವೆಯ ಬಾಯಿ ಕೋಣೆಯ ನಟ್ಟನಡುವೆ, ನೆಲದ ಮಟ್ಟಕ್ಕೆ ಸರಿಯಾಗಿ ನಿಂತಿತ್ತು. ಗೌಂಡಿಯಿಂದ ಒಂದೊಂದು ಕಲ್ಲನ್ನೂ ಎತ್ತಿಸಿ ಎತ್ತಿಸಿ ಕೂರಿಸಿದ್ದರು. ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದಾಗ ಅವರ ಮುಖ ಮಗು ಹುಟ್ಟಿದವರ ಮುಖದ ಹಾಗಿತ್ತು.

ಹಾವೇರಿ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಹುಲ್ಲು ಸುತ್ತಿಕೊಂಡು ಕಮೋಡು ಬಂತು. ಓಣಿಯೆಲ್ಲ ನೋಡಲು ನೆರೆಯಿತು. ಹುಲ್ಲು ಬಿಚ್ಚಿ, ಒಳಗೆ ಹೊತ್ತು ತಂದು, ಕೊಳವೆಯ ಬಾಯಿಯ ಮೇಲೆ ಇಟ್ಟಾಗ ತಿಳಿಯಿತು, ನಡುವಿನ ಬಳೆ ಬಂದಿಲ್ಲ.

ಆ ಬಳೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನ ತಿಂಗಳುಗಳನ್ನು ನಮ್ಮಿಂದ ಕಿತ್ತುಕೊಂಡದ್ದು ಅದೇ. ಕಮೋಡಿನ ತಳದ ಬಾಯಿಯನ್ನು ನೆಲದ ಕೊಳವೆಗೆ ಬಿಗಿಯಾಗಿ ಕೂಡಿಸಲು ಒಂದು ಲೋಹದ ಬಳೆ ಬೇಕು. ಫ್ಲಾಂಜು ಎಂದು ಅದರ ಹೆಸರು. ಅದರ ಕುತ್ತಿಗೆ ಕೊಳವೆಗೆ ಹೊಂದಬೇಕು, ಅಗಲವಾದ ಅಂಚು ನೆಲದ ಮೇಲೆ ಕೂರಬೇಕು, ಅಂಚಿನ ತೂತುಗಳು ಕಮೋಡಿನ ಪಾದದ ತೂತುಗಳಿಗೆ ನೇರ ಬರಬೇಕು. ಆಗ ಬೋಲ್ಟು ಹಾಕಿ ಬಿಗಿದರೆ ಹನಿ ನೀರು ಹೊರಗೆ ಬಾರದು. ಒಂದು ಕಡೆ ತಪ್ಪಿದರೂ ಹೊಲಸು ನೀರೆಲ್ಲ ಕೋಣೆಯಲ್ಲಿ. ಸಾಹೇಬನ ಬಂಗಲೆಯ ನೆಲಕ್ಕೆ ಬಿಗಿದಿದ್ದ ಬಳೆ ಅಲ್ಲಿಯೇ ಉಳಿದಿತ್ತು. ಹುಬ್ಬಳ್ಳಿಯ ಗೆಳೆಯರು ವಿಚಾರಿಸಿದರೆ ಹೊಸ ಸಾಹೇಬ ಅದನ್ನು ಕಿತ್ತು ಕೊಡಲು ಒಪ್ಪಲಿಲ್ಲ.

"ಬಳಿ ಏನು ದೊಡ್ಡ ಮಾತು? ಅಳತಿ ಕಳಿಸಿದ್ರ ಬರ್ತೈತಿ" ಎಂದರು ಇವರು. ನಾಲ್ಕು ಇಂಚಿನ ಕೊಳವೆಗೆ ನಾಲ್ಕು ಇಂಚಿನ ಬಳೆ ಎಂದು ಹುಬ್ಬಳ್ಳಿಗೆ ಹೇಳಿ ಕಳಿಸಿದರು. ಬಹಳ ದಿನದ ಮೇಲೆ ಬಳೆ ಬಂತು. ಕೊಳವೆಯೊಳಗೂ ಇಳಿಯಲಿಲ್ಲ, ಹೊರಗೂ ಕೂರಲಿಲ್ಲ. ಅಳತೆಪಟ್ಟಿ ತೆಗೆದು ಕೊಳವೆಯನ್ನು ಒಳಗೆ ಅಳೆದರು, ಹೊರಗೆ ಅಳೆದರು, ಬಳೆಯನ್ನೂ ಅಳೆದರು. ನಾಲ್ಕು ಇಂಚು ಯಾವುದೂ ಇರಲಿಲ್ಲ. ಅಂಗಡಿಯವರು ಕರೆಯುವ ಹೆಸರಷ್ಟೇ ಅದು, ಒಬ್ಬೊಬ್ಬ ತಯಾರಕನದು ಒಂದೊಂದು ಅಳತೆ.

ಅವರು ನೆಲದ ಮೇಲೆ ಕೂತುಬಿಟ್ಟರು. "ನಾಕ್ ಇಂಚಿನ ಕೊಳವಿ ನಾಕ್ ಇಂಚು ಇಲ್ಲಂದ್ರ, ಅದನ್ನ ನಾಕ್ ಇಂಚು ಅಂತ ಯಾಕ ಕರೀಬೇಕ್ರಿ ಮಾಸ್ತರ್ರ? ಇವರಿಗೆ ಸಾಲ್ಯಾಗ ಯಾರು ಕಲಿಸಿದ್ರು?"

ಯುದ್ಧದ ಕಾಲ, ಹೊಸ ಕಬ್ಬಿಣ ಸಿಗುತ್ತಿರಲಿಲ್ಲ. ಹಳೆಯದನ್ನೇ ಹುಡುಕಬೇಕು. ರಟ್ಟಿನಲ್ಲಿ ಕೊಳವೆಯದೊಂದು, ಕಮೋಡಿನ ಪಾದದ್ದೊಂದು ನಕಲು ಕತ್ತರಿಸಿ, ರಜೆ ಬಂದಾಗಲೆಲ್ಲ ನನ್ನನ್ನು ಎಬ್ಬಿಸಿಕೊಂಡು ಹೊರಡುತ್ತಿದ್ದರು. ನಾನೇಕೆ ಹೋಗುತ್ತಿದ್ದೆ ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ನನಗೂ ಗೊತ್ತಿರಲಿಲ್ಲ.

ಮೊದಲು ಹಾನಗಲ್ಲಿಗೆ ಹೋದೆವು. ಪೆಟ್ರೋಲು ಇಲ್ಲದ ಕಾಲ, ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಸಣ್ಣ ದಿನ್ನೆ ಬಂದರೂ ಎಲ್ಲರೂ ಇಳಿದು ನೂಕಬೇಕು. ಇವರು ನೂಕುತ್ತಲೇ ಡ್ರೈವರನಿಗೆ ಇದ್ದಿಲು ಎಷ್ಟು ಹಾಕಿದೆ, ತೂಗಿದ್ದೆಯಾ ಎಂದು ಕೇಳಿ, "ಸಾಹೇಬ್ರ, ನೂಕ್ರಿ" ಎನ್ನಿಸಿಕೊಂಡರು. ಹಾನಗಲ್ಲಿನ ಕಬ್ಬಿಣದ ಅಂಗಡಿಯಲ್ಲಿ, ಯಾವುದೋ ಬಂಗಲೆಯ ರಿಪೇರಿಯಲ್ಲಿ ಉಳಿದ ಬೀಡುಕಬ್ಬಿಣದ ಬಳೆಯೊಂದಿತ್ತು. ಊರಿಗೆ ತಂದು ನೋಡಿದರೆ ಕೊಳವೆಗೆ ಚೆನ್ನಾಗಿ ಹೊಂದಿತು. ತೂತುಗಳು ಮಾತ್ರ ಹೊಂದಲಿಲ್ಲ. ಹೊಸ ತೂತು ಹಾಕಿಸಲು ಕಮ್ಮಾರನ ಹತ್ತಿರ ಒಯ್ದರು. ಬೀಡು ಒಡೆಯುತ್ತದೆ ಎಂದು ಅವನು ಹಿಂದೆಮುಂದೆ ನೋಡಿದ. ಇವರು ಗುರುತು ಹಾಕಿ ಕೊಟ್ಟು, ಇಲ್ಲಿಯೇ ಹಾಕು ಎಂದರು. ಹಾಕಿದ. ಬಳೆ ಎರಡು ತುಂಡಾಯಿತು.

ಅಂದು ಹಿತ್ತಲಿನಲ್ಲಿ ನಿಂತು ನಾನು ಹೇಳಿದೆ. "ಮಾಸ್ತರ್ರ, ಒಂದ್ ಮಾತು ಹೇಳ್ತೇನಿ ಸಿಟ್ಟಾಗಬ್ಯಾಡ್ರಿ. ಮೊದ್ಲ ಕಮೋಡಿಗೆ ಹೊಂದೂ ಬಳಿ ಹುಡುಕೂಣು. ಆಮ್ಯಾಲ ನೆಲಾ ಒಡದು, ಕೊಳವಿನ ಆ ಬಳಿಗೆ ತಕ್ಕಂಗ ಹಾಕಸೂಣು. ಕಮೋಡು ಬದಲಾಗಾಂಗಿಲ್ಲ, ನೆಲಾ ಬದಲು ಮಾಡಬಹುದು."

"ನೆಲಾ ಸರಿ ಐತಿ. ಬಳಿ ತಪ್ಪೈತಿ."

"ಸರಿ ಐತ್ರಿ, ಯಾರು ಇಲ್ಲಂದ್ರು? ಆದ್ರ ಉಪಯೋಗಕ್ಕ ಬರವಲ್ದಲ್ಲ."

"ಸರಿ ಇದ್ದದ್ದನ್ನ ಒಡ್ಯಂತೀರಿ. ಇದು ನಿಮ್ಮ ನಿಬಂಧ ಅಲ್ಲ, ಬೇಕಾದಂಗ ಹೊಡದು ತಿದ್ದಾಕ" ಎಂದು ಹರಿಹಾಯ್ದರು. ನಾನು ಚಪ್ಪಲಿ ಮೆಟ್ಟಿ ಮನೆಗೆ ಬಂದೆ. ಒಂದು ವಾರ ಶಾಲೆಯಲ್ಲಿ ಮುಖ ನೋಡಲಿಲ್ಲ. ಮತ್ತೊಂದು ರವಿವಾರ ಮುಂಜಾನೆ ಏನೂ ಆಗಿಲ್ಲ ಎನ್ನುವ ಹಾಗೆ ಬಂದು, "ಶಿಗ್ಗಾವಿಗೆ ಹೋಗಬೇಕು, ಎದ್ದೀರೇನು?" ಎಂದರು.

ಶಿಗ್ಗಾವಿಯ ಹತ್ತಿ ಗಿರಣಿಯೊಂದರ ಗುಜರಿಯಲ್ಲಿ ದಪ್ಪನೆಯ ಬಳೆ ಸಿಕ್ಕಿತು. ಕಾನಸು ಹಾಕಿ ಸ್ವಲ್ಪ ಉಜ್ಜಿದರೆ ತೂತುಗಳು ಹೊಂದುವ ಹಾಗಿದ್ದವು. ಆದರೆ ಅದು ಉಗಿಯ ಕೊಳವೆಯದು, ಬಾಯಿ ಇಕ್ಕಟ್ಟು. ಕಟ್ಟಿಕೊಳ್ಳುತ್ತದೆ ಎಂದೆ. ಪರೀಕ್ಷೆ ಮಾಡದೆ ಹೇಳಬಾರದು ಎಂದರು. ಕೂರಿಸಿ, ಜೋಳದ ಹಿಟ್ಟು ನಾದಿ ಉಂಡೆ ಮಾಡಿ ಕಮೋಡಿಗೆ ಹಾಕಿ ಸರಪಳಿ ಜಗ್ಗಿದರು. ಉಂಡೆ ಬಳೆಯ ಬಾಯಲ್ಲಿ ಸಿಕ್ಕಿತು, ನೀರು ಮೇಲೆದ್ದು ಅವರ ಆ ಸುಂದರ ನೆಲವೆಲ್ಲ ತೊಯ್ದಿತು. ಪಕ್ಕದ ಕೋಣೆಯಿಂದ ಅಕ್ಕನ ದನಿ ಬಂತು.

"ರೇಶನ್ ಹಿಟ್ಟು ಯಾಕ ಹಾಳ ಮಾಡ್ತೀ ತಮ್ಮಾ? ಬಿಡು, ಹೆಂಗೋ ನಡದೈತಿ."

ಆ ದನಿ ಎಷ್ಟು ಸಣ್ಣದಾಗಿದೆ ಎಂದು ಅಂದು ನನಗನ್ನಿಸಿತು. ಅವರು ನೆಲ ಒರೆಸುವುದರಲ್ಲಿದ್ದರು.

ಮುಂದೆ ಸವಣೂರು. ಅಲ್ಲಿಯ ಹಳೆಯ ದೊಡ್ಡ ಮನೆಯೊಂದರಲ್ಲಿ ತಂದೆಯ ಕಾಲದ ವಿಲಾಯತಿ ಬಚ್ಚಲು ಇದೆ, ಈಗ ಕೆಡವುತ್ತಿದ್ದಾರೆ ಎಂದು ಯಾರೋ ಹೇಳಿದ್ದರು. ಮನೆಯ ಯಜಮಾನರು ವಯಸ್ಸಾದ ಮುಸ್ಲಿಂ ಸಾಹೇಬರು. ನಮ್ಮನ್ನು ಕೂರಿಸಿ, ಚಹಾ ತರಿಸಿ, ಸವಣೂರಿನ ಎಲೆ ಮಡಿಸಿ ಕೊಟ್ಟು, ಆಮೇಲೆ ಕೆಲಸದ ಮಾತಿಗೆ ಬಂದರು. ಒಡೆದ ಕಮೋಡಿನ ಕೆಳಗಿನಿಂದ ತೆಗೆಸಿಟ್ಟ ಹಿತ್ತಾಳೆಯ ಬಳೆಯನ್ನು ತಾವೇ ಅಂಗಿಯ ತುದಿಯಿಂದ ಒರೆಸಿ ನಮ್ಮ ಮುಂದಿಟ್ಟರು. ಇವರು ಕಮೋಡಿನ ರಟ್ಟನ್ನು ಅದರ ಮೇಲಿಟ್ಟರು. ತೂತಿಗೆ ತೂತು ಕೂತಿತು. ಬಾಯಿಗೆ ಬಾಯಿ ಕೂತಿತು. ನಾನು ಉಸಿರು ಬಿಟ್ಟೆ.

ಆಮೇಲೆ ಕೊಳವೆಯ ರಟ್ಟು ಇಟ್ಟರು. ಬಳೆಯ ಕುತ್ತಿಗೆ ಕೊಳವೆಗಿಂತ ಅಗಲ, ಉದ್ದವೂ ಹೆಚ್ಚು. ಅದನ್ನು ಕೂರಿಸಬೇಕಾದರೆ ಕೊಳವೆಯನ್ನು ಬದಲಿಸಿ ಕೆಳಗಿಳಿಸಬೇಕು. ಅಂದರೆ ನೆಲ ಒಡೆಯಬೇಕು.

"ಇದು ತಪ್ಪೈತಿ" ಎಂದರು.

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಮಾಸ್ತರ್ ಸಾಬ್, ಹಿಂಗಿಂದು ಬಳಿ ಈಗ ಎಲ್ಲಿ ಸಿಗತೈತ್ರಿ? ನೆಲಾ ನಿಮ್ದೇ ಅಲ್ಲೇನು? ಅಗಸ್ರಿ, ಮತ್ತ ಹಾಕಸ್ರಿ."

"ನಮ್ಮ ನೆಲದಾಗ ಏನೂ ದೋಷ ಇಲ್ರಿ."

"ಮನ್ಯಾಗ ಯಾರಿಗೆ ಬೇಕಾಗೈತಿ ಇದು?"

"ನಮ್ಮ ಅಕ್ಕಗ."

"ಹಂಗಾರ ತಗೊಂಡ ಹೋಗ್ರಿ. ಹೊಂದಲಿಲ್ಲಂದ್ರ ಆಮ್ಯಾಲ ನೋಡೂಣು."

ತೆಗೆದುಕೊಳ್ಳಲಿಲ್ಲ. ತಪ್ಪು ವಸ್ತು ಒಯ್ದು ಏನು ಮಾಡಲಿ ಎಂದು ನಮಸ್ಕಾರ ಮಾಡಿ ಎದ್ದುಬಿಟ್ಟರು. ಬೀದಿಗೆ ಬಂದ ಮೇಲೆ ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿಮಗೆ ಬೇಕಾದದ್ದು ಕಮೋಡಲ್ಲ, ನೀವು ಸರಿ ಎಂದು ಎಲ್ಲರೂ ಒಪ್ಪಬೇಕಷ್ಟೇ ಎಂದೆ. ಇನ್ನು ಮೇಲೆ ನನ್ನನ್ನು ಕರೆಯಬೇಡಿ ಎಂದೆ. ಅವರು ಟೊಪ್ಪಿಗೆ ತೆಗೆದು ಒಳಗೆ ನೋಡಿ ಹಾಕಿಕೊಂಡರು. ಬಸ್ಸಿನಲ್ಲಿ ಬೇರೆ ಬೇರೆ ಕಡೆ ಕೂತೆವು.

ಸಂಜೆಯ ಬೆಳಕಿರುವಾಗಲೇ ಹಿರೇಕೆರೂರು ಮುಟ್ಟಿದೆವು. ನನ್ನ ದಾರಿ ಬೇರೆ, ಆದರೂ ಅವರ ಓಣಿಯ ತುದಿಯಲ್ಲಿ ಜನ ನಿಂತಿದ್ದು ಕಂಡು ಜೊತೆಗೆ ಹೋದೆ. ಅಕ್ಕನಿಗೆ ಎಚ್ಚರ ತಪ್ಪಿತ್ತು. ಪಕ್ಕದ ಮನೆಯ ಹೆಣ್ಣುಮಗಳು ದವಾಖಾನೆಗೆ ಹೇಳಿ ಕಳಿಸಿದ್ದಳು. ಡಾಕ್ಟರರು ಕಣ್ಣಿನ ರೆಪ್ಪೆ ಎತ್ತಿ ನೋಡಿ, ಕೈಯ ತೊಗಲನ್ನು ಚಿವುಟಿ ನೋಡಿ ಕೇಳಿದರು.

"ಇವರು ನೀರು ಎಷ್ಟು ಕುಡೀತಾರ?"

ತಮ್ಮನಿಗೆ ಗೊತ್ತಿರಲಿಲ್ಲ. ಉತ್ತರ ಹೇಳಿದವಳು ಆ ಹೆಣ್ಣುಮಗಳು. "ಮಾಸ್ತರು ಸಾಲಿಗೆ ಹೋದಮ್ಯಾಲ ಹನಿ ನೀರು ಮುಟ್ಟಾಂಗಿಲ್ರಿ. ನಾ ತಂಬಿಗಿ ಹಿಡದ್ರ ಕಣ್ಣ ಮುಚ್ಕೊಂತಾರ. ರೊಟ್ಟೀನೂ ಅರ್ಧಾ ಮಾಡ್ಯಾರ. ಬ್ಯಾಸಗಿ ದಿನದಾಗೂ ಹಿಂಗ."

"ಯಾಕ?"

ಅವಳು ಹಿತ್ತಲ ಕೊನೆಯ ಪಾಯಖಾನೆಯ ಕಡೆ ನೋಡಿದಳು.

ಅಕ್ಕ ಸ್ವಲ್ಪ ಮಿಸುಕಿದ ಮೇಲೆ ಡಾಕ್ಟರರು ಚಮಚದಿಂದ ಉಪ್ಪುಸಕ್ಕರೆಯ ನೀರು ಹಾಕಿಸಿದರು. ಮೂತ್ರದ ಬೇನೆಯೂ ಆಗಿದೆ, ಹೀಗೇ ನಡೆದರೆ ಉಳಿಯುವುದಿಲ್ಲ ಎಂದು ಹೊರಗೆ ಕರೆದು ಹೇಳಿದರು. ಇವರ ಟೊಪ್ಪಿಗೆ ಕೈಯಲ್ಲಿತ್ತು. ಅದರೊಳಗೆ ನೋಡಲಿಲ್ಲ, ಮತ್ತೆ ಹಾಕಿಕೊಳ್ಳಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟರು. ಇವರು ಹಾಸಿಗೆಯ ಪಕ್ಕದಲ್ಲಿ ಕೂತು, "ನೀರು ಯಾಕ ಬಿಟ್ಟಿ ಅಕ್ಕಾ? ನನಗ ಹೇಳಬಾರ್ದಾಗಿತ್ತಾ?" ಎಂದರು.

"ಕುಡದ್ರ ಮತ್ತ ಎತ್ತಬೇಕಲ್ಲೋ" ಎಂದರು ಅಕ್ಕ. "ಬಾಜೂ ಮನಿ ಹುಡುಗಿ ಬಸುರಾಗ್ಯಾಳ. ನನ್ನಂಥ ಹೆಣಭಾರ ಎತ್ತಾಕ ಹ್ಯಾಂಗ ಕರೀಲಿ? ನೀ ಬರೂತನಕ ತಡಕೊಂಡ್ರ ಆತು ಅಂತ ಇದ್ದೆ. ನಿನ್ನ ಬಳಿ ಒಂದಿನ ಸಿಗತೈತಿ ಅಂದಿದ್ಯಲ್ಲ."

ಅವರು ಮತ್ತೊಂದು ಚಮಚ ನೀರು ಅಕ್ಕನ ಬಾಯಿಗೆ ಹಿಡಿದರು. ನಾನು ಮನೆಗೆ ಬಂದೆ.

ಮರುದಿನ ಶಾಲೆಗೆ ಅವರು ಬರಲಿಲ್ಲ. ನಾನು ಕಂಡ ಹಾಗೆ ಅದೇ ಮೊದಲು. ಮಧ್ಯಾಹ್ನದ ಬಿಡುವಿನಲ್ಲಿ ಹೋದರೆ ಓಣಿಯಲ್ಲೇ ಸಪ್ಪಳ ಕೇಳಿತು. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಧೋತರ ಎತ್ತಿ ಕಟ್ಟಿ, ಹಾರೆ ಹಿಡಿದು ಆ ನೆಲವನ್ನು ಒಡೆಯುತ್ತಿದ್ದರು. ಹಾರೆ ಹಿಡಿದು ಗೊತ್ತಿಲ್ಲದ ಕೈ, ಅಂಗೈ ಬೊಬ್ಬೆ ಒಡೆದು ಹಾರೆಗೆ ರಕ್ತ ಹತ್ತಿತ್ತು. ಗೌಂಡಿಯನ್ನು ಕರೆಸೋಣ ಎಂದೆ. ಕೇಳಿಸಿಕೊಳ್ಳಲಿಲ್ಲ. ಗಚ್ಚು ಅಷ್ಟು ಗಟ್ಟಿಯಾಗಿ ಹಾಕಿಸಿದ್ದರು, ಒಂದೊಂದು ಕಲ್ಲೂ ಏಳಲು ತಕರಾರು ಮಾಡುತ್ತಿತ್ತು.

"ಏನ ಸಪ್ಪಳ ಅದು?" ಎಂದು ಒಳಗಿನಿಂದ ಅಕ್ಕ ಕೇಳಿದರು.

"ನೆಲಾ ಒಡ್ಯಾಕತ್ತೇನಿ ಅಕ್ಕಾ."

"ಯಾಕ? ಚಲೋ ಆಗಿತ್ತಂದ್ಯಲ್ಲ."

ಅವರು ಹಾರೆಯ ಮೇಲೆ ಕೈ ಊರಿದರು. "ಇಲ್ಲಕ್ಕಾ. ಸರಿ ಇದ್ದಿಲ್ಲ" ಎಂದರು.

ನಾನು ಕೋಟು ಬಿಚ್ಚಿ ಕಲ್ಲು ಹೊರಗೆ ಹಾಕಲು ನಿಂತೆ. ಮಧ್ಯಾಹ್ನದ ನನ್ನ ತರಗತಿ ಅಂದು ಏನಾಯಿತೋ ನೆನಪಿಲ್ಲ.

ಸವಣೂರಿಗೆ ಮತ್ತೆ ಹೋದೆವು. ಏನು ಅನ್ನುತ್ತಾರೋ ಎಂದು ನನಗೆ ದಾರಿಯುದ್ದಕ್ಕೂ ನಾಚಿಕೆ. ಸಾಹೇಬರು ಏನೂ ಅನ್ನಲಿಲ್ಲ. ಬಳೆಯನ್ನು ಕಾಗದದಲ್ಲಿ ಸುತ್ತಿಸಿ ಕೊಟ್ಟು, "ಅಕ್ಕಾರು ಹೆಂಗದಾರ?" ಎಂದು ಕೇಳಿದರು. ಇವರು ಬಳೆಯನ್ನು ಎದೆಗೆ ಅವಚಿಕೊಂಡು ನಿಂತರು. ಕೊನೆಗೆ ನಾನೇ ಹೇಳಿದೆ.

ಈ ಸಲ ಕೆಲಸ ತಲೆಕೆಳಗಾಗಿ ನಡೆಯಿತು, ಅಂದರೆ ನೆಟ್ಟಗೆ ನಡೆಯಿತು. ಬಳೆಯನ್ನು ಮೊದಲು ಕಮೋಡಿಗೆ ಬೋಲ್ಟು ಹಾಕಿ ನೋಡಿದರು. ಅದರ ಕುತ್ತಿಗೆಗೆ ಹೊಂದುವ ಹಳೆಯ ಕೊಳವೆಯ ತುಂಡನ್ನು ಹಾನಗಲ್ಲಿನಿಂದ ತರಿಸಿದರು. ಕೊಳವೆ ಹೂಳಿ, ಬಳೆಯನ್ನು ಅದರ ಮೇಲೆ ಕೂರಿಸಿ, ಸಂದಿಗೆ ಸೆಣಬಿನ ಎಳೆಯನ್ನೂ ಸಫೇದ ಎಂಬ ಬಿಳಿ ಲೇಪವನ್ನೂ ತುಂಬಿ, ಎಲ್ಲದರ ಕೊನೆಗೆ ಬಳೆಯ ಮಟ್ಟ ನೋಡಿಕೊಂಡು ನೆಲ. ಒಡೆದ ಫರಸಿಯನ್ನೇ ತುಂಡು ಜೋಡಿಸಿ ಹಾಕಿಸಿದ್ದರಿಂದ ನೆಲ ಕಣ್ಣಿಗೆ ಚೆಂದ ಕಾಣಲಿಲ್ಲ. ಒಂದು ಮೂಲೆಯಂತೂ ಏರುಪೇರು. ಗೌಂಡಿ ಸರಿಮಾಡಲೇ ಎಂದು ಕೇಳಿದ್ದಕ್ಕೆ, "ಇರ್ಲಿ ಬಿಡು, ಲಗೂನ ಮುಗಸು" ಎಂದರು. ಈ ಮಾತು ಅವರ ಬಾಯಿಂದ ಬಂದದ್ದು ಹೌದೇ ಎಂದು ನಾನೂ ಗೌಂಡಿಯೂ ಮುಖ ಮುಖ ನೋಡಿಕೊಂಡೆವು.

ಗಚ್ಚು ಒಣಗಿದ ಮೇಲೆ ತೊಟ್ಟಿ ತುಂಬಿಸಿ ಸರಪಳಿ ಜಗ್ಗಿದರು. ನೀರು ಗದ್ದಲ ಮಾಡಿಕೊಂಡು ಇಳಿಯಿತು. ಮೊಣಕಾಲೂರಿ ಕೂತು ಬಳೆಯ ಸುತ್ತ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಒಣಗಿತ್ತು.

ಅಕ್ಕನನ್ನು ಒಯ್ದು ಕೂರಿಸಿದೆವು. ಎರಡೂ ಕಡೆ ಹಿಡಿದುಕೊಳ್ಳಲು ಗೋಡೆಗೆ ಕಟ್ಟಿಗೆ ಬಡಿಸಿದ್ದರು. ಬಾಗಿಲು ಎಳೆದುಕೊಂಡು ನಾವಿಬ್ಬರೂ ಹಿತ್ತಲಿನಲ್ಲಿ ನಿಂತೆವು. ಸರಪಳಿಯ ಸಪ್ಪಳ, ನೀರಿನ ಸಪ್ಪಳ ಕೇಳಿತು. ಆಮೇಲೆ ಏನೂ ಇಲ್ಲ. ಬಿಸಿಲು ಏರುತ್ತಿತ್ತು. ಇವರು ಅತ್ತಿಂದಿತ್ತ ಓಡಾಡಿದರು. ಬಿದ್ದರೋ ಏನೋ ಎಂದು ಬಾಗಿಲಿಗೆ ಹೋಗಿ ಕರೆದರು.

"ಅಕ್ಕಾ, ಆತೇನು? ಬರ್ಲೇನು?"

"ಆತು. ಬರಬ್ಯಾಡ."

"ಯಾಕ, ಏನಾತು?"

"ಏನಿಲ್ಲೋ. ಎಷ್ಟು ತಿಂಗಳಾತು, ಮೈಮ್ಯಾಲ ಒಬ್ಬರ ಕೈ ಇಲ್ದ ಕುಂತು. ಇನ್ನೊಂಚೂರು ಕುಂದರ್ತೇನಿ. ನೀವು ಆ ಕಡೆ ಹೋಗ್ರಿ."

ನಾವು ಆ ಕಡೆ ಹೋದೆವು. ಬಾವಿಕಟ್ಟೆಯ ಮೇಲೆ ಕೂತು ಇವರು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. ಬೆವರು ಎಂದುಕೊಳ್ಳಲಿ ಎಂದು ನಾನೂ ಮುಖ ಒರೆಸಿಕೊಂಡೆ.

ಅವರು ಇದರಿಂದ ಬದಲಾಗಿ ಸಾಧುವಾದರು ಎಂದುಕೊಳ್ಳಬೇಡಿ. ಬದನೆಕಾಯಿಯ ಮುದುಕಿಯ ಜೊತೆ ಜಗಳ ನಡೆದೇ ಇತ್ತು. ಅದಕ್ಕಿಂತ ಸಿಟ್ಟು ಬರಿಸುವಂಥದ್ದೂ ಒಂದು ನಡೆಯಿತು. ಯುದ್ಧ ಮುಗಿದ ಮರುವರ್ಷವಿರಬೇಕು, ಹಾನಗಲ್ಲಿನ ಭತ್ತದ ವ್ಯಾಪಾರಸ್ಥರೊಬ್ಬರು ಇವರನ್ನು ಹುಡುಕಿಕೊಂಡು ಬಂದರು. ಹೆಂಡತಿಗೆ ಅರ್ಧಾಂಗವಾಯು ಹೊಡೆದು ಒಂದು ಮಗ್ಗುಲು ಬಿದ್ದಿದೆ. ಮುಂಬಯಿಯಿಂದ ಕಮೋಡು ತರಿಸಿದ್ದಾರೆ, ಬಳೆ ಕೂಡುತ್ತಿಲ್ಲ. ಇವರು ಕುರ್ಚಿಯ ಬೆನ್ನಿಗೆ ಒರಗಿ, ನನ್ನ ಎದುರಿಗೇ ಹೇಳಿದರು.

"ನೋಡ್ರಿ, ಎಲ್ಲಾರೂ ಮಾಡೂ ತಪ್ಪು ಇದು. ಮೊದ್ಲ ಕಮೋಡಿಗೆ ಹೊಂದೂ ಬಳಿ ಹುಡುಕಬೇಕು. ನೆಲಾ ಆಮ್ಯಾಲ. ಕಮೋಡು ಬದಲಾಗಾಂಗಿಲ್ಲ, ನೆಲಾ ಬದಲು ಮಾಡಬಹುದು. ನಾ ಮೊದಲಿಂದ ಇದನ್ನ ಹೇಳ್ತೇನಿ."

ನಾನು ಬಾಯಿ ತೆರೆಯುವಷ್ಟರಲ್ಲಿ, ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದ ಅಕ್ಕ ಬಾಗಿಲಿನಿಂದ ಅಂದರು. "ಹೇಳಿದವ್ರು ಕನ್ನಡ ಮಾಸ್ತರು. ನೀ ಅವರ ಮ್ಯಾಲ ಹರಿಹಾಯ್ದಿ. ನಾ ಎಲ್ಲಾ ಕೇಳಿದ್ದೆ."

ಅವರು ನನ್ನ ಕಡೆ ನೋಡಲಿಲ್ಲ. "ಯಾರು ಹೇಳಿದ್ರೇನು, ಮಾತು ಖರೇ ಐತಿ" ಎಂದು ಎದ್ದು ಟೊಪ್ಪಿಗೆ ಹಾಕಿಕೊಂಡು, "ನಡೀರಿ ಹಾನಗಲ್ಲಿಗೆ, ನೋಡೂಣು" ಎಂದರು. ಕ್ಷಮೆ ಕೇಳುವುದು ಆ ಮನುಷ್ಯನಿಗೆ ಬರುತ್ತಿರಲಿಲ್ಲ. ಸಿಟ್ಟಿನಲ್ಲೇ ನಾನೂ ಬಸ್ಸು ಹತ್ತಿದೆ.

ವ್ಯಾಪಾರಸ್ಥರು ಸ್ಥಿತಿವಂತರು. ಕಮೋಡಿನ ಕೋಣೆಗೆ ಬಣ್ಣಬಣ್ಣದ ಹೊಳೆಯುವ ಬಿಲ್ಲೆ ಹಾಸಿಸಿದ್ದರು. ಅಂಥ ನೆಲ ನಾನು ಆ ಸೀಮೆಯಲ್ಲಿ ನೋಡಿರಲಿಲ್ಲ. ಅದನ್ನೇ ಮೊದಲು ತೋರಿಸಲು ಕರೆದೊಯ್ದರು. ಇವರು ಬಾಗಿಲಲ್ಲಿ ನಿಂತು, ಕಿಸೆಗೆ ಕೈ ಹಾಕಿ, ಏನನ್ನೂ ತೆಗೆಯದೆ ಕೇಳಿದರು.

"ಅವ್ವಾರು ಎಲ್ಲಿದಾರ?"

ಪಕ್ಕದ ಕೋಣೆಯಲ್ಲಿ ನಡುವಯಸ್ಸಿನ ಹೆಣ್ಣುಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅಪರಿಚಿತ ಗಂಡಸರನ್ನು ಕಂಡು ಸೆರಗು ಎಳೆದುಕೊಂಡರು. ಮಾಸ್ತರರು ಹೊಸ್ತಿಲ ಮೇಲೆ ಕೂತು, ನಾನು ಎಂದೂ ಕೇಳಿರದ ಮೆತ್ತಗಿನ ದನಿಯಲ್ಲಿ, "ಯವ್ವಾ, ಮುಂಜಾನಿಂದ ನೀರು ಕುಡದೀರೇನು?" ಎಂದರು.

ಆ ತಾಯಿ ಗಂಡನ ಮುಖ ನೋಡಿದರು. ಮತ್ತೆ ಗೋಡೆಯ ಕಡೆ ತಿರುಗಿಕೊಂಡರು.

ಮಾಸ್ತರರು ಎದ್ದು ಹೊರಗೆ ಬಂದು ಕೋಟಿನ ಗುಂಡಿ ಬಿಚ್ಚತೊಡಗಿದರು. "ಮನ್ಯಾಗ ಹಾರಿ ಐತೇನ್ರಿ?" ಎಂದರು.

"ಹೊಸಾ ನೆಲಾ ಐತ್ರಿ ಮಾಸ್ತರ್ರ" ಎಂದರು ವ್ಯಾಪಾರಸ್ಥರು, "ಮೊನ್ನೆ ಅಷ್ಟ ಮುಗಿಸೇವಿ."

"ಭಾಳ ಚಲೋ ಆಗೈತಿ" ಎಂದರು ಇವರು. "ಹಾರಿ ತರ್ರಿ."